ಇನ್‌ಲೈನ್ ಮಾಡಿದರೆ ಪ್ರೋಗ್ರಾಂ ವೇಗವಾಗುತ್ತದೆಯೇ?

ಪ್ರಶ್ನೆ: ನಮ್ಮ ಜಾವಾ ಕೋಡ್‌ನಲ್ಲಿ ಒಂದೇ ಕಡೆ ಬಳಕೆಯಾಗುವ ವೇರಿಯಬಲ್‌ಗಳೂ ಎರಡು ಸಾಲಿನ ಮೆಥಡ್‌ಗಳೂ ಬಹಳ ಇವೆ. ಎಲ್ಲವನ್ನೂ ಇನ್‌ಲೈನ್ ಮಾಡಿದರೆ, ಅಂದರೆ ಹೆಸರು ಬಳಕೆಯಾದ ಜಾಗದಲ್ಲೇ ಅದರ ಹಿಂದಿನ ಕೋಡನ್ನು ನೇರವಾಗಿ ಇಟ್ಟರೆ, ವೇಗ ಹೆಚ್ಚುತ್ತದೆಯೇ?

ಉತ್ತರ: ಇಲ್ಲ. ಹಲವು ಬಾರಿ ಉತ್ತರಿಸಿದ ಮೇಲೂ ಈ ನಂಬಿಕೆ ಅಳಿದಿಲ್ಲವಾದ್ದರಿಂದ ಈ ಸಲ ಕಾರಣವನ್ನು ಬಿಡಿಸಿ ಹೇಳುತ್ತೇನೆ.

ಕೋಡ್ ಬರೆಯುವ ಎಡಿಟರ್‌ಗಳಾದ ಇಂಟೆಲಿಜೆಯಲ್ಲಿ ಕಂಟ್ರೋಲ್-ಆಲ್ಟ್-ಎನ್ ಅಥವಾ ಎಕ್ಲಿಪ್ಸ್‌ನಲ್ಲಿ ಆಲ್ಟ್-ಶಿಫ್ಟ್-ಐ ಒತ್ತಿ ಇನ್‌ಲೈನ್ ಮಾಡಿದಾಗ ಎಡಿಟರ್ ತಿದ್ದುವುದು ನಾವು ಓದುವ ಕೋಡನ್ನು. ವೇಗಕ್ಕಾಗಿ ನಡೆಯುವ ಇನ್‌ಲೈನಿಂಗ್ ಬೇರೆಯದೇ ಕೆಲಸ. ಪ್ರೋಗ್ರಾಂ ಓಡುತ್ತಿರುವಾಗ ಹಾಟ್‌ಸ್ಪಾಟ್ (ಜಾವಾ ಪ್ರೋಗ್ರಾಂಗಳನ್ನು ಓಡಿಸುವ ವರ್ಚುವಲ್ ಮಷೀನ್) ಅದನ್ನು ನಮ್ಮನ್ನು ಕೇಳದೆಯೇ ಮಾಡಿಕೊಳ್ಳುತ್ತದೆ. ಅದು ಹೀಗೆ ಇನ್‌ಲೈನ್ ಮಾಡುವ ಮೆಥಡ್‌ನ ಗಾತ್ರಕ್ಕೆ ಸಾಮಾನ್ಯ ಮಿತಿ 35 ಬೈಟ್ ಬೈಟ್‌ಕೋಡ್ (ಜಾವಾ ಕೋಡ್ ಮೊದಲು ತಿರುಗುವ ನಡುವಣ ರೂಪ). ಮೇಲಿಂದ ಮೇಲೆ ಕರೆಯಲಾಗುವ ಮೆಥಡ್‌ಗಳಿಗೆ ಮಿತಿ 325 ಬೈಟ್‌ವರೆಗೂ ಸಡಿಲವಾಗುತ್ತದೆ. ಒಂದು ಬೆಲೆಯನ್ನು ಓದಿ ಕೊಡುವ ಸಾದಾ ಗೆಟರ್ ಮೆಥಡ್ ತೆಗೆದುಕೊಳ್ಳುವುದು ಕೇವಲ 5 ಬೈಟ್. ಹೀಗಿರುವಾಗ ನೀವು ಕೈಯಾರೆ ಉಳಿಸಿಕೊಡಬೇಕಾದದ್ದು ಏನೂ ಇರುವುದಿಲ್ಲ. ತದ್ವಿರುದ್ಧವಾಗಿ, ಚಿಕ್ಕ ಮೆಥಡ್‌ಗಳನ್ನೆಲ್ಲ ಒಂದರೊಳಗೆ ತುರುಕುತ್ತ ಹೋಗಿ ಅದು 8000 ಬೈಟ್ ದಾಟಿತೆಂದರೆ, ಹಾಟ್‌ಸ್ಪಾಟ್ ತನ್ನ ಮೂಲ ಸೆಟ್ಟಿಂಗ್‌ನಲ್ಲಿ ಅದನ್ನು ಯಂತ್ರದ ಭಾಷೆಗೆ ಕಂಪೈಲ್ ಮಾಡುವುದನ್ನೇ ಬಿಟ್ಟು, ಆದೇಶಗಳನ್ನು ಒಂದೊಂದಾಗಿ ಓದಿ ನಡೆಸುವ ಇಂಟರ್‌ಪ್ರಿಟರ್‌ನಲ್ಲಿ ನಿಧಾನವಾಗಿ ಓಡಿಸುತ್ತದೆ. ವೇರಿಯಬಲ್‌ಗಳ ಮಾತೂ ಇಷ್ಟೇ: ಕಂಪೈಲ್ ಆದ ಕೋಡ್‌ನಲ್ಲಿ ನಿಮ್ಮ ಲೋಕಲ್ ವೇರಿಯಬಲ್‌ನ ಹೆಸರು ಉಳಿದಿರುವುದಿಲ್ಲ, ಅದರ ಬೆಲೆ ಬಹುಪಾಲು ಪ್ರೊಸೆಸರ್‌ನೊಳಗಿನ ರಿಜಿಸ್ಟರ್‌ನಲ್ಲಿ ಇರುತ್ತದೆ.

ಅದಕ್ಕಿಂತ ಮುಖ್ಯವಾಗಿ, ಇನ್‌ಲೈನ್ ಮಾಡಿದಾಗ ಉತ್ತರವೇ ತಪ್ಪಬಹುದು. ಕೆಲಸ ಶುರುವಾಗುವ ಮುನ್ನ ಗಡಿಯಾರದ ಹೊತ್ತನ್ನು 'ಆರಂಭ' ಎಂಬ ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಕೆಲಸ ಮುಗಿದ ಮೇಲೆ ಈಗಿನ ಹೊತ್ತಿನಿಂದ ಅದನ್ನು ಕಳೆಯುತ್ತೇವೆ. 'ಆರಂಭ' ಬಳಕೆಯಾಗುವುದು ಒಂದೇ ಕಡೆ. ಆದರೆ ಅದನ್ನು ಇನ್‌ಲೈನ್ ಮಾಡಿದರೆ ಎರಡೂ ಸಲ ಗಡಿಯಾರ ನೋಡುವುದು ಕೆಲಸ ಮುಗಿದ ಮೇಲೆಯೇ ಆಗಿ, ಎಷ್ಟು ಹೊತ್ತು ಹಿಡಿದಿದ್ದರೂ ವ್ಯತ್ಯಾಸ ಸೊನ್ನೆಯ ಆಸುಪಾಸಿನಲ್ಲೇ ಬರುತ್ತದೆ. ಡೇಟಾಬೇಸ್ ಕ್ವೆರಿಯ ಫಲಿತಾಂಶವನ್ನು ಹಿಡಿದಿಟ್ಟ ವೇರಿಯಬಲ್ ಮೂರು ಕಡೆ ಬಳಕೆಯಲ್ಲಿದ್ದರೆ, ಇನ್‌ಲೈನ್ ಮಾಡಿದಾಗ ಕ್ವೆರಿಯೇ ಮೂರು ಸಲ ನಡೆಯುತ್ತದೆ. ವೇರಿಯಬಲ್‌ಗೆ ಬೆಲೆ ಕೊಡುವ ಸಾಲಿನ ಬಲಬದಿಯಲ್ಲಿರುವುದು ಯಾವಾಗ ಲೆಕ್ಕ ಹಾಕಿದರೂ ಅದೇ ಬೆಲೆ ಕೊಡುವಂತಿದ್ದು, ಹೆಸರು ಅದಕ್ಕಿಂತ ಹೆಚ್ಚೇನನ್ನೂ ತಿಳಿಸದಿದ್ದಾಗ ಮಾತ್ರ ಇನ್‌ಲೈನ್ ಮಾಡಿ.

ನೀವು ಕೇಳದಿದ್ದರೂ ಎಡಿಟರ್‌ನ ಈ ಇನ್‌ಲೈನ್ ಸೌಲಭ್ಯದ ಅತ್ಯುತ್ತಮ ಬಳಕೆಯೊಂದನ್ನು ಹೇಳಲೇಬೇಕು: ಹಳೆಯ ಮೆಥಡ್ ಒಂದನ್ನು ನಿವೃತ್ತಗೊಳಿಸುವುದು. ಅದರ ಒಡಲನ್ನು ತೆಗೆದು, ಹೊಸ ಮೆಥಡನ್ನು ಸರಿಯಾದ ಆರ್ಗ್ಯುಮೆಂಟ್‌ಗಳೊಂದಿಗೆ ಕರೆಯುವ ಒಂದೇ ಸಾಲನ್ನು ಇಡಿ, ಟೆಸ್ಟ್‌ಗಳನ್ನು ಓಡಿಸಿ, ಆಮೇಲೆ ಹಳೆಯದನ್ನು ಇನ್‌ಲೈನ್ ಮಾಡಿ. ಪ್ರಾಜೆಕ್ಟ್‌ನಲ್ಲಿ ಅದನ್ನು ಕರೆಯುವ ನೂರಾರು ಜಾಗಗಳಿದ್ದರೂ ಎಲ್ಲವೂ ಒಟ್ಟಿಗೆ ಹೊಸ ಮೆಥಡ್‌ಗೆ ತಿರುಗುತ್ತವೆ. ಯಾವುದಾದರೂ ಸಬ್‌ಕ್ಲಾಸ್ ಆ ಮೆಥಡನ್ನು ಓವರ್‌ರೈಡ್ ಮಾಡಿದ್ದರೆ, ಅಂದರೆ ತನ್ನದೇ ರೀತಿಯಲ್ಲಿ ಮರುಬರೆದಿದ್ದರೆ, ಮಾತ್ರ ಇದಕ್ಕೆ ಕೈಹಾಕಬೇಡಿ. ಬೇರೆ ರೆಪಾಸಿಟರಿಗಳಿಂದ ಅದನ್ನು ಕರೆಯುವವರು ನಿಮ್ಮ ಎಡಿಟರ್‌ಗೆ ಕಾಣುವುದಿಲ್ಲ. ಅಂಥವರಿದ್ದರೆ ಹಳೆಯ ಮೆಥಡನ್ನು ಡೆಪ್ರಿಕೇಟೆಡ್ (ಇನ್ನು ಬಳಸಬೇಡಿ) ಎಂದು ಗುರುತಿಸಿ ಸ್ವಲ್ಪ ಕಾಲ ಉಳಿಸಿಕೊಳ್ಳಿ.