ಮಲಾವಿಯ ಗೊಬ್ಬರದ ಕೂಪನ್: ಕೃಷಿ ನೆರವಿನ ಯೋಜನೆಗೆ ಎದುರಾದ ತೊಡಕುಗಳು

ಆಫ್ರಿಕಾದ ಕೃಷಿ ನೆರವನ್ನು ಇಡೀ ಖಂಡಕ್ಕೆ ಅನ್ವಯಿಸಿ ಓದಿದರೆ ಏನೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಈ ಟಿಪ್ಪಣಿಯನ್ನು ಮಲಾವಿ ದೇಶವೊಂದಕ್ಕೇ ಸೀಮಿತಗೊಳಿಸಿದ್ದೇನೆ. 2001-02ರ ಬರಗಾಲ ಮತ್ತು 2005ರ ಬೆಳೆನಷ್ಟದ ಬಳಿಕ, ಅಧ್ಯಕ್ಷ ಬಿಂಗು ವಾ ಮುತಾರಿಕಾ ಅವರ ಸರ್ಕಾರವು 2005-06ರ ಹಂಗಾಮಿನಿಂದ ಸಣ್ಣ ರೈತರಿಗೆ ಸಹಾಯಧನದ ಕೂಪನ್ ಕೊಡತೊಡಗಿತು. 50 ಕೆ.ಜಿ.ಯ ಒಂದು ಚೀಲ ತಳಗೊಬ್ಬರ, ಅಷ್ಟೇ ತೂಕದ ಒಂದು ಚೀಲ ಯೂರಿಯಾ, ಜೊತೆಗೆ ಸ್ವಲ್ಪ ಮೆಕ್ಕೆಜೋಳದ ಬೀಜ ಒಂದು ಕುಟುಂಬದ ಪಾಲಾಗಿತ್ತು. 2006 ಮತ್ತು 2007ರಲ್ಲಿ ಫಸಲು ಹೆಚ್ಚಿತು, ಜಿಂಬಾಬ್ವೆಗೆ ರಫ್ತೂ ನಡೆಯಿತು. ಆದರೆ ಆ ವರ್ಷಗಳಲ್ಲಿ ಮಳೆಯೂ ಚೆನ್ನಾಗಿತ್ತು ಎಂಬುದನ್ನು ಓದುವವರು ಮರೆಯಬಾರದು.

ಮೊದಲ ತೊಡಕು ಕಾಲದ್ದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ಅಲ್ಲಿ ಮಳೆಗಾಲ ಒಂದೇ, ಸುಮಾರು ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಮಲಾವಿಗೆ ಕಡಲತೀರವಿಲ್ಲದ ಕಾರಣ ಗೊಬ್ಬರ ಮೊಜಾಂಬಿಕ್‌ನ ಬೈರಾ, ನಕಾಲಾದಂಥ ಬಂದರುಗಳಿಂದ ಬರಬೇಕು. ಟೆಂಡರ್ ತಡವಾದರೆ ಲಾರಿ ತಡ, ಅಷ್ಟರಲ್ಲಿ ಮಣ್ಣಿನ ರಸ್ತೆ ಕೆಸರಾಗಿರುತ್ತದೆ. ಪೈರು ಮೊಣಕಾಲೆತ್ತರ ಇರುವಾಗ ಬೀಳಬೇಕಾದ ಯೂರಿಯಾ ಹೂತೆನೆ ಬಂದ ಮೇಲೆ ತಲುಪಿದರೆ, ಅದು ಲೆಕ್ಕದ ಪುಸ್ತಕದಲ್ಲಿ ವಿತರಣೆಯಾಗಿ ಸೇರುತ್ತದೆಯೇ ಹೊರತು ಕಣಜಕ್ಕೆ ಸೇರುವುದಿಲ್ಲ. ಇನ್ನೂ ನೋವಿನ ಸಂಗತಿಯೆಂದರೆ, ಕಳೆ ತೆಗೆಯುವ ಜನವರಿ, ಫೆಬ್ರವರಿಗಳಲ್ಲೇ ಬಡವರ ಮನೆಯ ಹಿಂದಿನ ವರ್ಷದ ಕಾಳು ಮುಗಿದಿರುತ್ತದೆ. ಆಗ ಅವರು ‘ಗಾನ್ಯು’ ಎಂಬ ದಿನಗೂಲಿಗೆ ಪರರ ಹೊಲಕ್ಕೆ ಹೋಗುತ್ತಾರೆ. ಸಿಕ್ಕ ಹಿಟ್ಟಿನಲ್ಲಿ ನಮ್ಮ ಮುದ್ದೆಯನ್ನು ಹೋಲುವ ನ್ಸಿಮಾ ಬೇಯುತ್ತದೆ, ಆದರೆ ಸ್ವಂತ ಹೊಲದಲ್ಲಿ ಕಳೆ ಬೆಳೆದು, ಹಾಕಿದ ಗೊಬ್ಬರವನ್ನು ಅದೇ ಹೀರುತ್ತದೆ.

ಎರಡನೆಯದು ಫಲಾನುಭವಿಗಳ ಆಯ್ಕೆ. ಹೆಚ್ಚುಕಡಿಮೆ ಎಲ್ಲರೂ ಬಡವರಾಗಿರುವ ಊರಿನಲ್ಲಿ ಅರ್ಧ ಜನರ ಹೆಸರನ್ನಷ್ಟೇ ಬರೆಯಿರಿ ಎಂದರೆ ಊರ ಮುಖಂಡ ಏನು ಮಾಡಬೇಕು? ಅನೇಕ ಕಡೆ ಒಂದೇ ಚೀಲವನ್ನು ಎರಡು ಮೂರು ಮನೆಯವರು ಹಂಚಿಕೊಂಡರು. ಇದನ್ನು ಸೋರಿಕೆ ಎಂದು ಗುರುತಿಸುವ ಮೊದಲು, ನೆರೆಹೊರೆಯ ಬಾಂಧವ್ಯ ಉಳಿಸಿಕೊಳ್ಳುವ ವಿವೇಕವೂ ಅದರಲ್ಲಿದೆ ಎಂದು ತಿಳಿಯುವುದು ನ್ಯಾಯ.

ಬೀಜದ ಪಾಠ ಇದಕ್ಕಿಂತ ಹಳೆಯದು. ಹಿಂದಿನ ಹೈಬ್ರಿಡ್ ಮೆಕ್ಕೆಜೋಳ ಹೆಚ್ಚು ಇಳುವರಿ ಕೊಟ್ಟರೂ ಅದರ ಕಾಳು ಮೆದು. ಒನಕೆಯಲ್ಲಿ ಕುಟ್ಟುವಾಗ ಹಿಟ್ಟು ನಷ್ಟವಾಗುತ್ತಿತ್ತು, ಕಣಜದಲ್ಲಿ ಹುಳು ಬೇಗ ಹತ್ತುತ್ತಿತ್ತು. ಕುಟ್ಟುವ ಹೆಂಗಸರಿಗೆ ಗಟ್ಟಿ ಕಾಳಿನ ನಾಟಿ ಮೆಕ್ಕೆಜೋಳವೇ ಬೇಕಾಗಿತ್ತು. 1990ರಲ್ಲಿ ಎಂಎಚ್ 17, ಎಂಎಚ್ 18 ಎಂಬ ಗಟ್ಟಿ ಕಾಳಿನತ್ತ ವಾಲಿದ ತಳಿಗಳು ಬಂದ ಮೇಲೆ ರೈತರ ಒಲವು ಬದಲಾಯಿತು.

ಉಳಿದದ್ದು ಹಣ ಮತ್ತು ಮಣ್ಣು. 2008ರಲ್ಲಿ ಜಗತ್ತಿನಾದ್ಯಂತ ಗೊಬ್ಬರದ ಬೆಲೆ ಏರಿದಾಗ ಯೋಜನೆಯ ಹೊರೆ ಬೊಕ್ಕಸಕ್ಕೆ ಅತಿಯಾಯಿತು, ಸಾವಯವ ಅಂಶ ಕಡಿಮೆಯಾದ ಮಣ್ಣಿನಲ್ಲಿ ಅದೇ ಗೊಬ್ಬರದ ಫಲವೂ ಕಡಿಮೆ. ಉತ್ತರ ಮಲಾವಿಯ ಎಕ್ವೆಂಡೇನಿಯಲ್ಲಿ 2000ದಿಂದ ಆಸ್ಪತ್ರೆಯೊಂದರ ಆಶ್ರಯದಲ್ಲಿ ಬೇರೆ ದಾರಿ ಹಿಡಿದರು: ತೊಗರಿ, ಶೇಂಗಾ ಬೆಳೆದು ಅವುಗಳ ಸೊಪ್ಪನ್ನು ಮಣ್ಣಿಗೆ ಸೇರಿಸುವುದು, ರೈತರೇ ರೈತರಿಗೆ ಕಲಿಸುವುದು. ತೊಗರಿಗೂ ಮಲಾವಿಯಲ್ಲಿ ತೊಂದರೆಯಿದೆ. ಮೆಕ್ಕೆಜೋಳದ ಕಟಾವಿನ ನಂತರವೂ ಅದು ಹೊಲದಲ್ಲೇ ನಿಂತಿರುತ್ತದೆ, ಆಗಲೇ ಊರಿನ ಮೇಕೆಗಳನ್ನು ಮೇಯಲು ಬಿಡುತ್ತಾರೆ. ತೊಗರಿ ಹಾಕಿದವರು ಮೇಕೆ ಸಾಕಿದವರನ್ನೆಲ್ಲ ಕೂರಿಸಿ, ಇನ್ನೆರಡು ತಿಂಗಳು ಕಟ್ಟಿಹಾಕಿ ಎಂದು ಒಪ್ಪಿಸಬೇಕಾಗುತ್ತದೆ.