ಚೆನ್ನಮ್ಮನ ಎದುರು ಡಾಲ್‌ಹೌಸಿಯನ್ನು ನಿಲ್ಲಿಸಬೇಡಿ

ಕಿತ್ತೂರು, ಬೈಲಹೊಂಗಲ ನೋಡಿಕೊಂಡು ಬಂದು ಎರಡು ದಿನ ಆಯಿತು. ಮರೆಯುವ ಮುಂಚೆ ಶಿವಮೊಗ್ಗದ ರೂಮಿನಲ್ಲಿ ಕೂತು ಬರೆದಿಡುತ್ತಿದ್ದೇನೆ. ನನ್ನ ಹಾಗೆ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಓದುತ್ತಿರುವವರಿಗೂ ಇದು ಬೇಕಾಗಬಹುದು.

ಹೋದ ತಿಂಗಳ ಮಾದರಿ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಇತ್ತು. ಕಿತ್ತೂರಿನ ದತ್ತುಪುತ್ರನನ್ನು ಒಪ್ಪದ ಅಧಿಕಾರಿ ಯಾರು? ದತ್ತು ಅನ್ನುವ ಪದ ಕಂಡಿದ್ದೇ ತಡ, ದತ್ತು ಮಕ್ಕಳಿಗೆ ಹಕ್ಕಿಲ್ಲ ಅಂದ ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿ ಅಂತ ಗುರುತು ಹಾಕಿದೆ. ಉಳಿದ ಆಯ್ಕೆಗಳನ್ನು ಓದಲೂ ಇಲ್ಲ. ತಪ್ಪು. ಕಾಲು ಅಂಕ ಕಳೆದುಕೊಂಡಿದ್ದು ಬೇರೆ.

ಅದಕ್ಕೇ ಹೋಗಿ ನೋಡಿಯೇ ಬರೋಣ ಅನ್ನಿಸಿತು. ಅಮ್ಮ ಸಾಗರದಿಂದ ಫೋನಿನಲ್ಲಿ, "ಚೆನ್ನಮ್ಮನ್ನ ನೋಡೋಕೆ ಅಷ್ಟು ದೂರ ಯಾಕೆ ಹೋಗ್ತೀಯೆ ಮಾರಾಯ್ತಿ? ಕೆಳದಿ ಇಲ್ಲೇ ಇಲ್ವಾ?" ಅಂದರು. ಅಮ್ಮನ ತಪ್ಪಲ್ಲ. ನಮ್ಮ ಕಡೆ ಚೆನ್ನಮ್ಮ ಅಂದರೆ ಮೊದಲು ನೆನಪಾಗುವುದು ಕೆಳದಿಯವಳೇ. ಅವಳದು 17ನೇ ಶತಮಾನ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದವಳು. ಕಿತ್ತೂರಿನವಳು 19ನೇ ಶತಮಾನದವಳು, ಎದುರಾಳಿ ಈಸ್ಟ್ ಇಂಡಿಯಾ ಕಂಪನಿ. ಇಬ್ಬರ ವಿಷಯ ಇಷ್ಟು ಸಾಕು, ಈ ಗೊಂದಲ ಸುಲಭದ್ದು.

ಕಿತ್ತೂರಿನ ಕೋಟೆ ಹಾಳುಬಿದ್ದಿದೆ. ಅರಮನೆಯಲ್ಲಿ ಧ್ರುವ ನಕ್ಷತ್ರ ನೋಡುವ ಕಿಂಡಿ ಇದೆ, ಹೋದವರು ಬಗ್ಗಿ ನೋಡದೆ ಬರಬೇಡಿ. ಆದರೆ ರಾಣಿಯ ಸಮಾಧಿ ಇರುವುದು ಕಿತ್ತೂರಿನಲ್ಲಲ್ಲ, ಬೈಲಹೊಂಗಲದಲ್ಲಿ. ಕಂಪನಿಯವರು ಅವಳನ್ನು ಸೆರೆ ಇಟ್ಟಿದ್ದು ಅಲ್ಲಿನ ಕೋಟೆಯಲ್ಲಿ. 1829ರ ಫೆಬ್ರವರಿಯಲ್ಲಿ ಅಲ್ಲೇ ತೀರಿಕೊಂಡಳು.

ಸಮಾಧಿಯ ಮುಂದೆ ಕೂತು ನೋಟ್‌ಬುಕ್ ತೆಗೆದೆ. ಚೆನ್ನಮ್ಮನ ಸಾವು 1829. ಎರಡು ಪುಟದ ಹಿಂದೆ ನನ್ನದೇ ಅಕ್ಷರದಲ್ಲಿ ಡಾಲ್‌ಹೌಸಿ ಗವರ್ನರ್ ಜನರಲ್ ಆಗಿದ್ದು 1848 ಅಂತ ಇತ್ತು. ರಾಣಿ ತೀರಿಕೊಂಡು 19 ವರ್ಷ ಆದ ಮೇಲೆ ಬಂದ ಮನುಷ್ಯನನ್ನು ತಂದು ಅವಳ ಎದುರು ಕುದುರೆ ಹತ್ತಿಸಿದ್ದೆ! ಪಕ್ಕದಲ್ಲಿ ಯಾರೂ ಇರಲಿಲ್ಲ, ಪುಣ್ಯ. ಒಬ್ಬಳೇ ನಕ್ಕೆ.

ಇಷ್ಟಕ್ಕೇ ಮುಗಿಯಲಿಲ್ಲ. ನಾನು ನಿಜವಾಗಿ ಎಡವಿದ್ದು ಇದರ ಮುಂದಿನ ಮೆಟ್ಟಿಲಲ್ಲಿ. 'ದತ್ತು ಮಕ್ಕಳಿಗೆ ಹಕ್ಕಿಲ್ಲ' ಎಂಬ ನೀತಿ ಡಾಲ್‌ಹೌಸಿಯದು ಅಂತ ಓದುತ್ತೇವೆ. ಹಾಗಾದರೆ 1824ರಲ್ಲಿ ಯಾವ ನೀತಿ ಹಿಡಿದು ಬೇಡ ಅಂದರು?

1818ರಲ್ಲಿ ಮರಾಠರ ಪೇಶ್ವೆ ಕಂಪನಿಯ ಎದುರು ಬಿದ್ದ. ಅಲ್ಲಿಂದ ಕಿತ್ತೂರು ಕಂಪನಿಯ ಕೈಕೆಳಗೆ ಬಂತು. ನಮ್ಮ ಮಲೆನಾಡಿನ ಗೇಣಿಯ ಲೆಕ್ಕದಲ್ಲಿ ಯೋಚಿಸಿ. ಗದ್ದೆ ಉಳುವವನು ಇವನು, ಒಡೆಯ ಇನ್ನೊಬ್ಬ. ಉಳುವವನು ಮಗನಿಲ್ಲದೆ ಸತ್ತರೆ, ಮುಂದೆ ಯಾರು ಉಳಬೇಕು ಅನ್ನುವುದು ತನ್ನ ಮಾತು ಅಂತ ಒಡೆಯ ಕೂರುತ್ತಾನೆ. ಕಂಪನಿ ಮಾಡಿದ್ದು ಇದನ್ನೇ. 1824ರ ಸೆಪ್ಟೆಂಬರ್‌ನಲ್ಲಿ ಕಿತ್ತೂರನ್ನು ಆಳುತ್ತಿದ್ದ ದೇಸಾಯಿ ಶಿವಲಿಂಗರುದ್ರಸರ್ಜ ಮಗನಿಲ್ಲದೆ ತೀರಿಕೊಂಡ. ಅವನು ಚೆನ್ನಮ್ಮನ ಸವತಿಯ ಮಗ. ಕಿತ್ತೂರಿನವರು ದತ್ತು ತೆಗೆದುಕೊಂಡ ಹುಡುಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಂದರೆ ದತ್ತನ್ನು ತಳ್ಳಿಹಾಕುವ ಚಾಳಿ ಮೊದಲೇ ಇತ್ತು. ಡಾಲ್‌ಹೌಸಿ ಬಂದು ಅದನ್ನೇ ನೀತಿ ಮಾಡಿಕೊಂಡು ಸತಾರಾ, ಝಾನ್ಸಿ, ನಾಗಪುರ ಅಂತ ಒಂದೊಂದೇ ನುಂಗುತ್ತಾ ಹೋದ. ಝಾನ್ಸಿಯಲ್ಲೂ ರಾಣಿ, ದತ್ತುಮಗ, ಯುದ್ಧ. ನಮ್ಮ ತಲೆ ಎರಡನ್ನೂ ಒಂದೇ ಗಂಟಿಗೆ ಕಟ್ಟಿಬಿಡುತ್ತದೆ, ಅಲ್ವಾ?

ಗವರ್ನರ್ ಜನರಲ್ ಯಾರು ಅಂತಲೇ ಕೇಳಿದರೆ, ಆಗ ಇದ್ದವನು ಆಮ್ಹರ್ಸ್ಟ್.

ನನ್ನ ಅಡ್ಡದಾರಿ: 24ಕ್ಕೆ 24 ಸೇರಿಸಿದರೆ 48. ಕಿತ್ತೂರು 24, ಡಾಲ್‌ಹೌಸಿ 48. ಇದನ್ನು ಕೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡೇ ವಾಪಸ್ ಬಸ್ಸು ಹತ್ತಿದೆ. ಹುಬ್ಬಳ್ಳಿಯಲ್ಲಿ ಕಂಡಕ್ಟರ್ "ಚೆನ್ನಮ್ಮ ಸರ್ಕಲ್, ಚೆನ್ನಮ್ಮ ಸರ್ಕಲ್" ಅಂತ ಕೂಗಿದಾಗಲೂ ಮನಸ್ಸು ಸುಮ್ನೆ 24, 48 ಅಂತಲೇ ಎಣಿಸುತ್ತಿತ್ತು.

ಯುದ್ಧದ ಭಾಗ ನಿಮಗೆಲ್ಲ ಗೊತ್ತೇ ಇದೆ. 1824ರ ಅಕ್ಟೋಬರ್ 23, ರಾಣಿಯ ಕಡೆಯ ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಸತ್ತ. ಕಂಪನಿಯ ಅಧಿಕಾರಿಗಳಾದ ಎಲಿಯಟ್, ಸ್ಟೀವನ್‌ಸನ್ ಸೆರೆಸಿಕ್ಕರು. ರಾಣಿ ಅವರನ್ನು ಬಿಟ್ಟು ಕಳಿಸಿದಳು. ಡಿಸೆಂಬರ್‌ನಲ್ಲಿ ಕಂಪನಿ ಇನ್ನೂ ಜಾಸ್ತಿ ಸೈನ್ಯ ತಂದು ಕೋಟೆ ಹಿಡಿಯಿತು.

ಕೋಟೆ ಬಿದ್ದ ಮೇಲೂ ಕಿತ್ತೂರಿಗಾಗಿ ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26, ನಂದಗಡದಲ್ಲಿ. ಗಣರಾಜ್ಯೋತ್ಸವದ ದಿನ, ನೆನಪಿಡಲು ಕಷ್ಟವೇ ಇಲ್ಲ. ನಂದಗಡಕ್ಕೆ ಈ ಸಲ ಹೋಗಲಾಗಲಿಲ್ಲ. ಬೈಲಹೊಂಗಲದಲ್ಲೇ ಸಂಜೆಯಾಗಿತ್ತು.