ಕಿಲೋವೋಲ್ಟ್ ಇಳಿಸಿದರೆ ಡೈಯೂ ಇಳಿಯುತ್ತದೆ

"ಡೈ ಹಾಕಿದ್ರೆ ಕಿಡ್ನಿ ಹೋಗುತ್ತಂತೆ, ಹೌದಾ ಡಾಕ್ಟ್ರೇ?" ಪಾರ್ಶ್ವವಾಯು ಬಡಿದವರನ್ನು ತಲೆ-ಕತ್ತಿನ ಸಿಟಿ ಆಂಜಿಯೋಗ್ರಾಮ್‌ಗೆ (ರಕ್ತಕ್ಕೆ ಡೈ ಚುಚ್ಚಿ ಎಕ್ಸ್-ರೇಯಿಂದ ರಕ್ತನಾಳಗಳನ್ನು ನೋಡುವ ಸ್ಕ್ಯಾನ್) ಕರೆತಂದಾಗ ಮನೆಯವರು ಹೆದರಿಕೊಂಡೇ ಕೇಳುತ್ತಾರೆ. ಆಮೇಲೆ ವಿಕಿರಣದ ಮಾತು ಬರುತ್ತದೆ. ಕಿಡ್ನಿ ಕಾಯಿಲೆ ಇಲ್ಲದಿದ್ದವರಿಗೆ ಕಿಡ್ನಿ ಹೇಗಿದೆಯೆಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ ಬರುವವರೆಗೂ ನಾವು ಕಾಯುವುದಿಲ್ಲ. ಅಷ್ಟರಲ್ಲಿ ಮಿದುಳು ಸಾಯುತ್ತಿರುತ್ತದೆ. ಹಾಗೆಂದು ಬೇಕಾದ್ದಕ್ಕಿಂತ ಹೆಚ್ಚು ಕೊಡಲು ನಮಗೆ ಹಕ್ಕಿಲ್ಲ.

ಡೈ ಮತ್ತು ವಿಕಿರಣ ಎರಡನ್ನೂ ಒಟ್ಟಿಗೆ ತಗ್ಗಿಸುವ ದಾರಿ ಟ್ಯೂಬ್ ವೋಲ್ಟೇಜ್‌ನಲ್ಲಿದೆ, ಅಂದರೆ ಎಕ್ಸ್-ರೇ ಹೊರಡಿಸುವ ಕೊಳವೆಗೆ ಕೊಡುವ ವೋಲ್ಟೇಜ್‌ನಲ್ಲಿ. ರಕ್ತನಾಳ ಬೆಳ್ಳಗೆ ಕಾಣುವುದು ಡೈಯಲ್ಲಿರುವ ಅಯೋಡಿನ್‌ನಿಂದ. 33 ಕಿಲೋ ಎಲೆಕ್ಟ್ರಾನ್‌ವೋಲ್ಟ್ ದಾಟಿದೊಡನೆ ಅಯೋಡಿನ್ ಎಕ್ಸ್-ರೇಯನ್ನು ಒಮ್ಮೆಲೇ ಹೆಚ್ಚು ಹೀರುತ್ತದೆ, ಶಕ್ತಿ ಇನ್ನೂ ಏರಿದಂತೆ ಹೀರುವುದು ಕಡಿಮೆಯಾಗುತ್ತದೆ. 120 ಕಿಲೋವೋಲ್ಟ್‌ನಿಂದ 80ಕ್ಕೆ ಇಳಿದರೆ ಕಿರಣಗಳ ಸರಾಸರಿ ಶಕ್ತಿ ಆ ಗಡಿಯ ಹತ್ತಿರ ಬರುತ್ತದೆ. ಅಷ್ಟೇ ಡೈಗೆ ಸುಮಾರು ಒಂದೂವರೆ ಪಟ್ಟು ಬಿಳುಪು ಸಿಗುತ್ತದೆ. 60-70 ಮಿಲಿಲೀಟರ್ ಕೊಡುತ್ತಿದ್ದಲ್ಲಿ 40-45 ಸಾಕಾಗುವುದು ಹೀಗೆ. ಎಷ್ಟು ಕಿರಣ ಹೊರಡಬೇಕೆಂದು ನಿರ್ಧರಿಸುವ ಟ್ಯೂಬಿನ ಕರೆಂಟ್ ಬದಲಿಸದಿದ್ದರೆ ವಿಕಿರಣ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಣುವುದು ನಿಜ. ಕರೆಂಟನ್ನು ಸ್ವಲ್ಪ ಏರಿಸಿ, ಉಳಿದದ್ದನ್ನು ಇಟರೇಟಿವ್ ರೀಕನ್‌ಸ್ಟ್ರಕ್ಷನ್‌ಗೆ, ಅಂದರೆ ಚಿತ್ರವನ್ನು ಮತ್ತೆ ಮತ್ತೆ ಲೆಕ್ಕಹಾಕಿ ಮರಳನ್ನು ತಗ್ಗಿಸುವ ಕಂಪ್ಯೂಟರ್ ವಿಧಾನಕ್ಕೆ, ಬಿಡಬಹುದು.

ನಿಜವಾದ ಕಷ್ಟ ಭುಜಗಳದು. ದಪ್ಪ ಭುಜದವರಲ್ಲಿ 80ರ ಕಿರಣ ಆಚೆ ಬದಿ ತಲುಪುವಷ್ಟರಲ್ಲಿ ಸೊರಗಿ, ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ವರ್ಟಿಬ್ರಲ್ ಅಪಧಮನಿ ಹುಟ್ಟುವ ಜಾಗದಲ್ಲೇ ಗೆರೆಗಳು ಬೀಳುತ್ತವೆ. ಅಂಥವರಿಗೆ ನಾನು 100ಕ್ಕೇ ನಿಲ್ಲುತ್ತೇನೆ, ಕೈಗಳನ್ನು ಕೆಳಕ್ಕೆ ಎಳೆದು ಹಿಡಿಯಲು ಹೇಳುತ್ತೇನೆ. ಚಿತ್ರ ಕೆಟ್ಟು ಮತ್ತೆ ಸ್ಕ್ಯಾನ್ ಮಾಡಬೇಕಾಗಿ ಬಂದರೆ ಉಳಿಸಿದ್ದೆಲ್ಲ ಹೋಯಿತು.

ಸೂಜಿ ಬಲಗೈಗೆ ಹಾಕಿ. ಎಡಗೈಯಿಂದ ಕೊಟ್ಟ ಗಟ್ಟಿ ಡೈ ಮಹಾಪಧಮನಿಯ ಕಮಾನಿನ ಮುಂದೆಯೇ ಅಡ್ಡ ಹಾಯುವ ಅಭಿಧಮನಿಯಲ್ಲಿ ಸಾಗುವುದರಿಂದ ಪಕ್ಕದ ನಾಳಗಳು ಮಸುಕಾಗುತ್ತವೆ. ಡೈ ಹಿಂದೆಯೇ ಸಲೈನ್ ಹರಿಸಿ. ತೋಳಿನಲ್ಲೇ ಉಳಿದ ಡೈ ಕಿಡ್ನಿಗೆ ಹೊರೆಯೇ ಹೊರತು ಚಿತ್ರಕ್ಕೆ ಉಪಯೋಗವಿಲ್ಲ. ಡೈ ಕಮಾನಿಗೆ ಬಂದದ್ದನ್ನು ಯಂತ್ರ ಗುರುತಿಸಿದ ಮೇಲೆ ಸ್ಕ್ಯಾನ್ ಶುರುವಾಗಲಿ.

ತಲೆಯೊಳಗಿನ ಅನ್ಯೂರಿಸಂ (ರಕ್ತನಾಳದ ಗೋಡೆಯ ಉಬ್ಬು) ಒಂದನ್ನೇ ಮತ್ತೆ ನೋಡಬೇಕಿದ್ದರೆ ಎದೆಯಿಂದ ಏಕೆ ಶುರು ಮಾಡಬೇಕು? ಹಾಗೆ ಮಾಡಿದರೆ ಥೈರಾಯ್ಡ್‌ಗೆ ಸುಮ್ಮನೆ ವಿಕಿರಣ ಬೀಳುತ್ತದೆ. ಕಿರಿಯ ವಯಸ್ಸಿನವರಲ್ಲಿ ಇದನ್ನು ನಾನು ಪ್ರತಿ ಸಲವೂ ಟೆಕ್ನಿಷಿಯನ್‌ಗೆ ಬಾಯಿಬಿಟ್ಟು ಹೇಳುತ್ತೇನೆ.